ಕಾಲುವೆ ಗೇಟ್ ಒಂದನ್ನ ಹಿಡಕೊಂಡು ರಿಕ್ವೈರ್‌ಮೆಂಟ್ ಮಾಡೆಲ್ ಕಟ್ಟೋದು ಹೆಂಗ

ನಮ್ಮ ರಾಯಚೂರ್, ಬಳ್ಳಾರಿ, ಕೊಪ್ಪಳ ಮೂರು ಜಿಲ್ಲೆದಾಗ ದೊಡ್ಡ ಸಿಸ್ಟಮ್‌ಗೇನೂ ಕಮ್ಮಿ ಇಲ್ರಿ, ಶಕ್ತಿನಗರದ ಆರ್‌ಟಿಪಿಎಸ್, ಕುಡತಿನಿಯ ಬಿಟಿಪಿಎಸ್ ಅನ್ನೋ ಕರೆಂಟ್ ತಯಾರಿಸೋ ಸ್ಥಾವರ, ತೋರಣಗಲ್ಲಿನ ಸ್ಟೀಲ್ ಪ್ಲಾಂಟ್, ಹಟ್ಟಿ ಚಿನ್ನದ ಗಣಿ, ಮುನಿರಾಬಾದ್‌ನಿಂದ ಹೊಂಟು ಕೊಪ್ಪಳ ದಾಟಿ ರಾಯಚೂರ್ ಕಡೆ ಹರಿಯೋ ತುಂಗಭದ್ರಾ ಎಡದಂಡೆ ಕಾಲುವೆ. ಇಂಥ ಕಡೆ ಕೆಲಸಕ್ಕ ಸೇರಿದ ಹುಡುಗ್ರಿಗೆ ಮೊದಲ ವಾರ ಕೈಗೆ ಸಿಗೋದು ಒಂದು ದಪ್ಪನ ವರ್ಡ್ ಫೈಲು, ಜೋಡಿ ಮೂರ್ನಾಕು ಎಕ್ಸೆಲ್ ಶೀಟು, ಉಳಿದಿದ್ದು ಮೇಲ್‌ನ್ಯಾಗ ಮತ್ತ ವಾಟ್ಸಾಪ್ ಗ್ರೂಪಿನ್ಯಾಗ. ಸಿಸ್ಟಮ್ ಏನೇನ್ ಮಾಡಬೇಕು ಅನ್ನೋ ರಿಕ್ವೈರ್‌ಮೆಂಟ್ ಎಲ್ಲಾ ಅದರಾಗ ಐತಿ ಖರೆ, ಆದ್ರ "ಈ ಸೆನ್ಸರ್ ಬದಲಿ ಮಾಡಿದ್ರ ಯಾವ ರಿಕ್ವೈರ್‌ಮೆಂಟಿಗೆ ಧಕ್ಕೆ, ಯಾವ ಟೆಸ್ಟ್ ಮತ್ತೊಮ್ಮೆ ಮಾಡಬೇಕು" ಅಂತ ಕೇಳಿದ್ರ ಆ ಫೈಲಿಂದ ಉತ್ತರ ಬರಂಗಿಲ್ಲ. ವರ್ಷಾನುಗಟ್ಟಲೆ ಅಲ್ಲೇ ದುಡಿದ ಯಾರೋ ಒಬ್ಬ ಹಿರಿಯರ ತಲಿಯಿಂದ ಬರತೈತಿ, ಅವರು ರಿಟೈರ್ ಆದ ದಿನ ಅದೂ ಹೋಗತೈತಿ.

ಆ ತಲಿಯೊಳಗಿನ ಸಂಬಂಧಗಳನ್ನ ಹೊರಗ ತಗದು ಬರದಿಡೋದಕ್ಕ ಇನ್ಫರ್ಮೇಶನ್ ಮಾಡೆಲ್ ಅಂತಾರ. ಹೆಸರು ಭಾರಿ ಕಾಣ್ತೈತಿ, ಒಳಗಿರೋದು ಮೂರೇ ಮಾತು: ನಮ್ಮ ಪ್ರಾಜೆಕ್ಟಿನ್ಯಾಗ ಯಾವ್ಯಾವ ತರದ ಸಂಗತಿ ಅದಾವ, ಒಂದೊಂದರ ಬಗ್ಗೆ ಏನೇನ್ ಬರದಿಡಬೇಕು, ಯಾವುದು ಯಾವುದಕ್ಕ ಯಾವ ಸಂಬಂಧದಿಂದ ಕೂಡೈತಿ. ಡೇಟಾಬೇಸ್ ಕಲಿತವ್ರಿಗೆ ಇದು ಗೊತ್ತಿರೋದೇ, ಪೀಟರ್ ಚೆನ್ ಅನ್ನೋರು 1976ರಾಗ ಎಂಟಿಟಿ ರಿಲೇಶನ್‌ಶಿಪ್ ಮಾಡೆಲ್ ಅಂತ ಕೊಟ್ಟಿದ್ದು ಇದೇ ಯೋಚನೆ. ರಿಕ್ವೈರ್‌ಮೆಂಟನ್ನ ಪುಟದ ಮ್ಯಾಲಿನ ಸಾಲು ಅನ್ನೋ ಬದಲು ಐಡಿ ಇರೋ, ಗುಣ ಇರೋ, ಲಿಂಕ್ ಇರೋ ಒಂದು ರೆಕಾರ್ಡ್ ಅಂತ ನೋಡಾಕ ಶುರು ಮಾಡಿದ್ರಿ ಅಂದ್ರ ಅರ್ಧ ಕೆಲಸ ಆದಂಗ.

ಬರೇ ಥಿಯರಿ ಹೇಳಿದ್ರ ತಲಿಗೆ ಹತ್ತಂಗಿಲ್ಲ. ಅದಕ್ಕ ಒಂದು ಉದಾಹರಣೆ ಇಟಕೊಳ್ಳೋಣ: ಎಡದಂಡೆ ಮುಖ್ಯ ಕಾಲುವೆಯಿಂದ ಒಂದು ಉಪಕಾಲುವೆ ಕವಲೊಡೆಯೋ ಜಾಗದಾಗಿನ ಗೇಟಿಗೆ ಮೋಟಾರ್, ನೀರಿನ ಮಟ್ಟ ನೋಡೋ ಸೆನ್ಸರ್, ಸೋಲಾರ್, ಮೊಬೈಲ್ ನೆಟ್‌ವರ್ಕ್ ಹಚ್ಚಿ ಕಂಟ್ರೋಲ್ ರೂಮಿಂದ ನಡಸಬೇಕು ಅಂತಿಟ್ಟುಕೊಳ್ರಿ. ಮುಂದ ಬರೋ ಗೇಟಿನ ಅಂಕಿ, ಐಡಿ ಎಲ್ಲಾ ಉದಾಹರಣೆಗೆ ನಾನು ಹಾಕಿದ್ದು, ಯಾವ ಖರೆ ಟೆಂಡರಿನವೂ ಅಲ್ಲ.

ಮೊದಲು ಪ್ರಶ್ನೆ ಬರೀರಿ

ಟೂಲ್ ಓಪನ್ ಮಾಡಬ್ಯಾಡ್ರಿ. ಒಂದು ಹಾಳಿ ತಗೊಂಡು ಈ ಮಾಡೆಲ್‌ಗೆ ನೀವು ಮುಂದ ಯಾವ ಪ್ರಶ್ನೆ ಕೇಳೋರು ಅನ್ನೋದನ್ನ ಬರೀರಿ. ನಮ್ಮ ಗೇಟಿನ ವಿಷಯಕ್ಕ ಆದ್ರ ಹಿಂಗ ಬರ್ತಾವು: ಯಾವ ರಿಕ್ವೈರ್‌ಮೆಂಟಿಗೆ ಇನ್ನೂ ಟೆಸ್ಟ್ ಇಲ್ಲ? ಟೇಲೆಂಡ್, ಅಂದ್ರ ಕಾಲುವೆ ಕೊನೀಗೆ ಹೊಲ ಇರೋ ರೈತರ ಬೇಡಿಕೆಯಿಂದ ಹುಟ್ಟಿದ ರಿಕ್ವೈರ್‌ಮೆಂಟ್ ಯಾವ್ಯಾವು, ಅದಕ್ಕ ಯಾವ ಸಾಮಾನು ಜವಾಬ್ದಾರಿ? ನೆಟ್‌ವರ್ಕ್ ಕಂಪನಿ ಬದಲಾದ್ರ ಏನೇನ್ ಮತ್ತೊಮ್ಮೆ ನೋಡಬೇಕು? ಯಾವ ಸಾಮಾನು ಯಾರ ಬೇಡಿಕೆಗೂ ಲಿಂಕ್ ಇಲ್ದ ಸುಮ್ನ ಕುಂತೈತಿ? ಯಾವ ಅಂಕಿ ಯಾರ ಮಾತಿನ ಮ್ಯಾಲ ನಿಂತೈತಿ?

ಇಂಥವು ಹತ್ತು ಸಿಕ್ರ ಸಾಕು. ಪ್ರಶ್ನೆ ಇಲ್ದ ಮಾಡೆಲ್ ಕಟ್ಟಾಕ ಹೋದ್ರ ನಲವತ್ತು ಕಾಲಮ್ ಇರೋ ಟೇಬಲ್ ಆಗತೈತಿ, ಯಾರೂ ತುಂಬಂಗಿಲ್ಲ, ತುಂಬಿದ್ರೂ ಯಾರೂ ನೋಡಂಗಿಲ್ಲ. ಒಂದು ಕಾಲಮ್ ಯಾವ ಪ್ರಶ್ನೆಗೂ ಉತ್ತರ ಕೊಡಂಗಿಲ್ಲ ಅಂದ್ರ ಅದನ್ನ ತಗದು ಹಾಕ್ರಿ, ಇದರಾಗ ದಾಕ್ಷಿಣ್ಯ ಬ್ಯಾಡ.

ಯಾವ್ಯಾವ ತರದ ಸಂಗತಿ

ಶುರುವಿಗೆ ಏಳು ತರ ಸಾಕಾಗ್ತಾವು. ಬೇಡಿಕೆ ಅಂದ್ರ ಜನ ಅವರ ಬಾಯಾಗ ಹೇಳಿದ್ದು. ರಿಕ್ವೈರ್‌ಮೆಂಟ್ ಅಂದ್ರ ಸಿಸ್ಟಮ್ ಏನ್ ಮಾಡಬೇಕು ಅಂತ ಅಳತೆ ಹಚ್ಚಿ ಬರದಿದ್ದು. ಸಾಮಾನು ಅಂದ್ರ ಗೇಟು, ಮೋಟಾರು, ಸೆನ್ಸರು, ಕಂಟ್ರೋಲರು, ಸಾಫ್ಟ್‌ವೇರೂ ಸೇರಿ. ಇಂಟರ್‌ಫೇಸ್ ಅಂದ್ರ ಎರಡು ಸಾಮಾನಿನ ನಡುವ ಏನ್ ಹೋಗತೈತಿ, ಏನ್ ಬರತೈತಿ ಅನ್ನೋದು. ಆಮ್ಯಾಲ ನಂಬಿಕೆ, ಅಂದ್ರ ನಾವು ಹಿಂಗ ಐತಿ ಅಂತ ಹಿಡಕೊಂಡ ಹೊರಗಿನ ಪರಿಸ್ಥಿತಿ. ಆಮ್ಯಾಲ ಟೆಸ್ಟ್. ಕೊನೀಗೆ ನಿರ್ಧಾರ, ಎರಡು ದಾರಿ ಇದ್ದಾಗ ಯಾವುದನ್ನ ಯಾಕ ಹಿಡದ್ವಿ ಅನ್ನೋದು.

ಬೇಡಿಕೆ ಮತ್ತ ರಿಕ್ವೈರ್‌ಮೆಂಟ್ ಬ್ಯಾರೆ ಬ್ಯಾರೆ ಇಡೋದು ಬಾಳ ಮುಖ್ಯರಿ. ಮಾನವಿ, ಸಿರವಾರ ಕಡೆ ರೈತರು ಎಷ್ಟೋ ವರ್ಷದಿಂದ ಕೇಳ್ಕೊಂತ ಬಂದಾರ, ಮೈಲ್ 104ರ ಹಂತ್ಯಾಕ ಗೇಜ್ (ನೀರಿನ ಮಟ್ಟ) ಸರಿಯಾಗಿ ಮೇಂಟೇನ್ ಮಾಡ್ರಿ, ನಮ್ಮ ಪಾಲಿನ ನೀರು ನಮಗ ಬರಲಿ ಅಂತ. ಅದು ಬೇಡಿಕೆ, ಅದನ್ನ ಅವರು ಹೇಳಿದಂಗೇ ಬರೀಬೇಕು, ತಿದ್ದಬಾರದು. ಅದರಿಂದ ಹುಟ್ಟೋ ರಿಕ್ವೈರ್‌ಮೆಂಟ್ ಬ್ಯಾರೆ: ಮ್ಯಾಲಿನ ಉಪಕಾಲುವೆ ಗೇಟಿನ ಹರಿವು ನಿಗದಿ ಮಾಡಿದ್ದಕ್ಕಿಂತ ಶೇಕಡಾ 5ರ ಹೆಚ್ಚು ಕಮ್ಮಿಯೊಳಗ ಇರಬೇಕು, ಗೇಟ್ ಎಷ್ಟು ತೆರದೈತಿ ಅನ್ನೋದು 15 ನಿಮಿಷಕ್ಕೊಮ್ಮೆ ಕಂಟ್ರೋಲ್ ರೂಮಿಗೆ ಬರಬೇಕು, ಇತ್ಯಾದಿ. ನಾಳೆ ಈ 15 ನಿಮಿಷಾನ 30 ಮಾಡೋಣ, ಡೇಟಾ ಖರ್ಚು ಉಳಿತೈತಿ ಅಂತ ಯಾರಾದ್ರು ಅಂದ್ರ ಲಿಂಕ್ ಹಿಡಿದು ಮ್ಯಾಲ ಹೋದ್ರ ಸಾಕು, ಆ ಅಂಕಿ ಹಿಂದ ಕೊನೆ ಹೊಲದ ರೈತ ನಿಂತಾನ ಅನ್ನೋದು ಕಾಣತೈತಿ. ಬದಲಿ ಮಾಡಬಾರದು ಅಂತಲ್ಲ, ಅವನನ್ನ ಕೇಳಿ ಮಾಡ್ರಿ.

ಗ್ಯಾಂಗ್‌ಮನ್ ಅಣ್ಣಾರನ್ನ ಬಿಡಬ್ಯಾಡ್ರಿ. ಕಾಲುವೆ ಮ್ಯಾಲ ಹಗಲು ರಾತ್ರಿ ಅಡ್ಡಾಡೋರು ಅವರು, ಕರೆಂಟ್ ಹೋದಾಗ, ಮೋಟಾರ್ ಸುಟ್ಟಾಗ ಒಬ್ಬನೇ ಮನಷ್ಯಾ ಕೈಯಿಂದ ಚಕ್ರ ತಿರುಗಿಸಿ ಗೇಟ್ ಎತ್ತಾಕ ಬರಬೇಕು ಅನ್ನೋ ಬೇಡಿಕೆ ಅವರಿಂದನ ಬರತೈತಿ, ಆಫೀಸಿನ್ಯಾಗ ಕುಂತು ಬರೆಯೋ ನಮಗ ಹೊಳೆಯಂಗಿಲ್ಲ.

ಒಂದು ರೆಕಾರ್ಡ್ ಹೆಂಗ ಕಾಣ್ತೈತಿ

ಐಡಿ: ಆರ್-014
ಮಾತು: ಕಂಟ್ರೋಲ್ ರೂಮ್ ಜೋಡಿ ಸಂಪರ್ಕ 10 ನಿಮಿಷಕ್ಕಿಂತ ಜಾಸ್ತಿ ಕಡಿದು ಹೋದರೆ, ಗೇಟ್ ಕಂಟ್ರೋಲರ್ ಗೇಟನ್ನು ಇದ್ದ ಜಾಗದಲ್ಲೇ ನಿಲ್ಲಿಸಬೇಕು.
ಕಾರಣ: ತಾನೇ ಮುಚ್ಚಿದರೆ ಮುಖ್ಯ ಕಾಲುವೆಯಲ್ಲಿ ನೀರು ಏರುತ್ತದೆ, ತಾನೇ ತೆರೆದರೆ ಉಪಕಾಲುವೆಯ ಒಡ್ಡಿಗೆ ಅಪಾಯ.
ಎಲ್ಲಿಂದ ಬಂತು: ಬೇಡಿಕೆ ಬಿ-006
ಯಾವ ಸಾಮಾನು ಪೂರೈಸುತ್ತದೆ: ಗೇಟ್ ಕಂಟ್ರೋಲರ್
ಯಾವ ನಂಬಿಕೆ ಮೇಲೆ ನಿಂತಿದೆ: ಎನ್-003
ಹೆಂಗೆ ಪರೀಕ್ಷೆ: ಟೆಸ್ಟ್, ಟಿ-021
ಜವಾಬ್ದಾರಿ: ಕಂಟ್ರೋಲ್ ಇಂಜಿನಿಯರ್
ಸ್ಥಿತಿ: ರಿವ್ಯೂ ಮುಗಿದಿದೆ

ಐಡಿಗೆ ಅರ್ಥ ತುರುಕಬ್ಯಾಡ್ರಿ. ಸೆಕ್ಷನ್ ನಂಬರ್, ವೆಂಡರ್ ಹೆಸರು, ಊರ ಹೆಸರು ಐಡಿ ಒಳಗ ಸೇರಿಸಿದ್ರ ನಾಳೆ ಅದು ಬದಲಾದಾಗ ಐಡಿನೂ ಬದಲು ಮಾಡಬೇಕು ಅನ್ನಿಸತೈತಿ, ಐಡಿ ಬದಲಾದ್ರ ಲಿಂಕ್ ಎಲ್ಲಾ ಹರಕೊಂಡು ಹೋಗ್ತಾವು. ಒಮ್ಮೆ ಕೊಟ್ಟ ನಂಬರ್ ರಿಕ್ವೈರ್‌ಮೆಂಟ್ ರದ್ದಾದ್ರೂ ಇನ್ನೊಂದಕ್ಕ ಕೊಡಬಾರದು.

ಮಾತು ಬರೆಯೋದಕ್ಕ ಒಂದು ಚೊಲೊ ಪದ್ಧತಿ ಐತಿ, ಈಯರ್ಸ್ ಅಂತ, ರೋಲ್ಸ್ ರಾಯ್ಸ್‌ನ್ಯಾಗ ಅಲಿಸ್ಟರ್ ಮೇವಿನ್ ಮತ್ತ ಅವರ ಜೋಡಿಯವರು ವಿಮಾನದ ಇಂಜಿನ್ ಕಂಟ್ರೋಲ್ ಕೆಲಸದಾಗ ಬೆಳಸಿ 2009ರಾಗ ಹೊರಗ ತಂದಿದ್ದು. ಐದು ಅಚ್ಚು: ಯಾವಾಗ್ಲೂ ಇರಬೇಕಾದ್ದು, ಏನೋ ಒಂದು ನಡೆದಾಗ ಮಾಡಬೇಕಾದ್ದು, ಒಂದು ಸ್ಥಿತಿ ಇರೋ ತನಕ ಮಾಡಬೇಕಾದ್ದು, ಬ್ಯಾಡಾದ್ದು ಆದ್ರ ಮಾಡಬೇಕಾದ್ದು, ಒಂದು ಫೀಚರ್ ಇದ್ರ ಅಷ್ಟೇ ಲಾಗೂ ಆಗೋದು. ಮ್ಯಾಲಿನ ಆರ್-014 ನಾಕನೇ ಅಚ್ಚಿಂದು. ಕನ್ನಡದಾಗ ಇದು ಬಾಳ ಸಲೀಸಾಗಿ ಕುಂದ್ರತೈತಿ, ಯಾಕಂದ್ರ ನಮ್ಮ ವಾಕ್ಯದಾಗ ಕಂಡೀಶನ್ ಮೊದಲು, ಮಾಡಬೇಕಾದ ಕೆಲಸ ಕೊನೀಗೆ ತಾನಾಗೇ ಬರತೈತಿ. ಒಂದು ಸಾಲಿಗೆ ಒಂದೇ "ಬೇಕು" ಇರ್ಲಿ, ಎರಡು ಬಂದ್ರ ಎರಡು ರೆಕಾರ್ಡ್ ಮಾಡ್ರಿ. ರಿಕ್ವೈರ್‌ಮೆಂಟ್ ಹೆಂಗಿರಬೇಕು ಅಂತ ಐಎಸ್‌ಒ 29148 ಸ್ಟ್ಯಾಂಡರ್ಡ್, 2018ರ ಆವೃತ್ತಿ, ಪಟ್ಟಿ ಕೊಡತೈತಿ, ಅದರಾಗ ನನ್ನ ಪ್ರಕಾರ ಮೊದಲು ಹಿಡಿಬೇಕಾದ್ದು ಪರೀಕ್ಷೆ ಮಾಡಾಕ ಬರಬೇಕು ಅನ್ನೋದು. "ಗೇಟ್ ಬೇಗ ತೆರೀಬೇಕು" ಅನ್ನೋದನ್ನ ಯಾರೂ ಪರೀಕ್ಷೆ ಮಾಡಾಕ ಬರಂಗಿಲ್ಲ.

ಅಂಕಿನ ವಾಕ್ಯದಿಂದ ಹೊರಗ ತಗೀರಿ

ಇಲ್ಲಿ ಸ್ವಲ್ಪ ನಿಂತು ಓದ್ರಿ. ವಾಕ್ಯದೊಳಗ "5", "10", "1633" ಅಂತ ಅಂಕಿ ಹೂತಿಟ್ರ ಮಾಡೆಲ್‌ಗೆ ಅದು ಕಾಣಂಗಿಲ್ಲ. ಅಂಕಿ, ಯೂನಿಟ್, ಎಷ್ಟು ಹೆಚ್ಚು ಕಮ್ಮಿ ನಡೀತೈತಿ ಅನ್ನೋದನ್ನ ಬ್ಯಾರೆ ಬ್ಯಾರೆ ಕಾಲಮ್ಮಿನ್ಯಾಗ ಇಡ್ರಿ, ಆ ಅಂಕಿಗೊಂದು ಹೆಸರು ಕೊಡ್ರಿ, ನಾಕು ರಿಕ್ವೈರ್‌ಮೆಂಟ್ ಅದೇ ಅಂಕಿ ಬಳಸಿದ್ರ ನಾಕೂ ಆ ಒಂದೇ ಹೆಸರಿಗೆ ಲಿಂಕ್ ಆಗಲಿ.

ನಮ್ಮ ಕಡೆ ನೀರಾವರಿದಾಗ ಯೂನಿಟ್ ಕಲಬೆರಕೆ ಜಾಸ್ತಿ. ಡ್ಯಾಮ್ ಮಟ್ಟ ಅಡಿದಾಗ ಹೇಳ್ತೀವಿ, ತುಂಗಭದ್ರಾ ತುಂಬಿದ ಮಟ್ಟ 1633 ಅಡಿ, ಸೆನ್ಸರ್ ಮೀಟರಿನ್ಯಾಗ ಕೊಡತೈತಿ, ಅದೇ ಮಟ್ಟ 497.74 ಮೀಟರ್. ಹರಿವು ಮೀಟಿಂಗಿನ್ಯಾಗ ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ), ಸಾಫ್ಟ್‌ವೇರಿನ್ಯಾಗ ಕ್ಯೂಮೆಕ್ (ಸೆಕೆಂಡಿಗೆ ಘನ ಮೀಟರ್), ಒಂದು ಕ್ಯೂಮೆಕ್ ಅಂದ್ರ 35.31 ಕ್ಯೂಸೆಕ್. ಸಂಗ್ರಹ ಟಿಎಂಸಿದಾಗ (ನೂರು ಕೋಟಿ ಘನ ಅಡಿ), ಒಂದು ಟಿಎಂಸಿ ಅಂದ್ರ ಹತ್ರ ಹತ್ರ 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದಷ್ಟು ನೀರು. ಯೂನಿಟ್ ಕಾಲಮ್ ಖಾಲಿ ಬಿಟ್ಟ ರೆಕಾರ್ಡನ್ನ ಮಾಡೆಲ್ ಒಳಗ ಬಿಟ್ಟುಕೊಳ್ಳಬಾರದು, ಅಷ್ಟೇ.

ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ಕ್ಕ ಮಂಗಳದ ಹತ್ರ ಹೋಗಿ ಕಳದು ಹೋಯ್ತು. ಭೂಮಿ ಮ್ಯಾಲಿನ ಒಂದು ಸಾಫ್ಟ್‌ವೇರ್ ಥ್ರಸ್ಟರಿನ ಲೆಕ್ಕ ಪೌಂಡ್ ಫೋರ್ಸ್ ಸೆಕೆಂಡಿನ್ಯಾಗ ಕೊಡ್ತಿತ್ತು, ತಗೊಳ್ಳೋ ಕಡೆಯವರು ಅದನ್ನ ನ್ಯೂಟನ್ ಸೆಕೆಂಡ್ ಅಂತ ತಿಳಕೊಂಡಿದ್ರು, 4.45 ಪಟ್ಟು ವ್ಯತ್ಯಾಸ. ಇದರಾಗ ಗಮನ ಕೊಡಬೇಕಾದ್ದು ಏನಂದ್ರ, ಇಂಟರ್‌ಫೇಸ್ ಡಾಕ್ಯುಮೆಂಟಿನ್ಯಾಗ ಮೆಟ್ರಿಕ್ ಅಂತ ಮೊದಲೇ ಬರದಿಟ್ಟಿದ್ರು. ಬರದಿಟ್ಟಿದ್ದಷ್ಟ ಸಾಲಲಿಲ್ಲ, ಆ ಸಾಲು ಆ ಸಾಫ್ಟ್‌ವೇರಿನ ಪರೀಕ್ಷೆ ತನಕ ಮುಟ್ಟಲಿಲ್ಲ. ಅದಕ್ಕ ಇಂಟರ್‌ಫೇಸ್ ಅನ್ನೋದನ್ನ ಬ್ಯಾರೆ ತರದ ಸಂಗತಿ ಅಂತ ಇಡ್ರಿ ಅಂದಿದ್ದು, ಅದಕ್ಕೂ ಐಡಿ, ಅದಕ್ಕೂ ಎರಡೂ ಕಡೆ ಲಿಂಕ್, ಅದಕ್ಕೂ ಟೆಸ್ಟ್.

ನಂಬಿಕೆನ ರೆಕಾರ್ಡ್ ಮಾಡ್ರಿ

ಜಾಸ್ತಿ ಪ್ರಾಜೆಕ್ಟಿನ್ಯಾಗ ಬಿಟ್ಟು ಹೋಗೋದು ಇದ. ನಮ್ಮ ಗೇಟಿನ ಸೆನ್ಸರ್ ಖರೆ ಅಂದ್ರ ಹರಿವು ಅಳಿಯಂಗಿಲ್ಲ, ನೀರಿನ ಮಟ್ಟ ಅಳಿತೈತಿ, ಮಟ್ಟದಿಂದ ಹರಿವು ಎಷ್ಟು ಅಂತ ಒಂದು ಟೇಬಲ್ ನೋಡಿ ಲೆಕ್ಕ ಹಾಕ್ತೀವಿ. ಆ ಟೇಬಲ್ ಮಾಡಿದ್ದು ಕಾಲುವೆ ತಳ ಸರ್ವೆ ಮಾಡಿದಾಗ ಹೆಂಗಿತ್ತೋ ಹಂಗ ಐತಿ ಅನ್ನೋ ನಂಬಿಕೆ ಮ್ಯಾಲ. ಹೂಳು ತುಂಬಿದ್ರ, ಆಪು ಬೆಳದ್ರ ಅದೇ ಮಟ್ಟಕ್ಕ ಕಮ್ಮಿ ನೀರು ಹರಿತೈತಿ, ಸ್ಕ್ರೀನ್ ಮ್ಯಾಲ ಅಂಕಿ ಸರಿ ಕಾಣ್ತೈತಿ, ಕೆಳಗಿನ ಹೊಲ ಒಣಗತೈತಿ. ಸೆನ್ಸರ್ ಕೆಟ್ಟಿಲ್ಲ, ಸಾಫ್ಟ್‌ವೇರ್ ಕೆಟ್ಟಿಲ್ಲ, ನಂಬಿಕೆ ಕೆಟ್ಟೈತಿ.

ಡ್ಯಾಮಿನ ಕತಿನೂ ಇದ ಐತ್ರಿ. ತುಂಗಭದ್ರಾ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿತ್ತು, ಹೂಳಿಂದಾಗಿ ಈಗಿನ ಲೆಕ್ಕ 105.788 ಟಿಎಂಸಿ. 133 ಅಂತ ನಂಬಿ ಹಾಕಿದ ಯಾವ ಲೆಕ್ಕಾನೂ ಇವತ್ತು ಹಂಗ ನಿಲ್ಲಂಗಿಲ್ಲ, ಆದ್ರ ಯಾವ್ಯಾವ ಲೆಕ್ಕ ಅದರ ಮ್ಯಾಲ ನಿಂತಾವ ಅನ್ನೋದು ಲಿಂಕ್ ಇದ್ರ ಮಾತ್ರ ಗೊತ್ತಾಗತೈತಿ.

ಏರಿಯಾನ್ 5 ರಾಕೆಟ್ 1996ರ ಜೂನ್ 4ಕ್ಕ ಮೊದಲ ಹಾರಾಟದಾಗ 40 ಸೆಕೆಂಡಿನೊಳಗ ದಾರಿ ತಪ್ಪಿ ಒಡೀತು. ದಿಕ್ಕು ಲೆಕ್ಕ ಹಾಕೋ ಸಾಫ್ಟ್‌ವೇರನ್ನ ಏರಿಯಾನ್ 4ರಿಂದ ತಗೊಂಡಿದ್ರು, ಅದರಾಗ ಅಡ್ಡ ವೇಗಕ್ಕ ಸಂಬಂಧಪಟ್ಟ ಒಂದು ಅಂಕಿ 16 ಬಿಟ್ಟಿನ ಜಾಗದಾಗ ಹಿಡಿತೈತಿ ಅನ್ನೋ ನಂಬಿಕೆ ಇತ್ತು, ಹಳೆ ರಾಕೆಟಿಗೆ ಅದು ಸರಿ, ಹೊಸಾದು ಶುರುವಿಗೇ ಜಾಸ್ತಿ ಅಡ್ಡ ವೇಗ ಹಿಡಿತಿತ್ತು. ಆ ಲೆಕ್ಕ ಮಾಡೋ ಭಾಗ ನೆಲ ಬಿಟ್ಟ ಮ್ಯಾಲ ಏರಿಯಾನ್ 5ಕ್ಕ ಬೇಕಾಗಿರಲೂ ಇಲ್ಲ. ಎನ್-003 ಅಂತ ಒಂದು ನಂಬಿಕೆ ರೆಕಾರ್ಡ್, ಅದಕ್ಕ "ಯಾವಾಗ ಮತ್ತೊಮ್ಮೆ ನೋಡಬೇಕು" ಅನ್ನೋ ಒಂದು ಕಾಲಮ್, ಇಷ್ಟ ಕೆಲಸ ಇಂಥ ಅನಾಹುತದ ಎದುರಿಗೆ ಏನೂ ಅಲ್ಲ. ನಮ್ಮ ಕಾಲುವೆ ತಳದ ನಂಬಿಕೆಗೆ ಆ ಕಾಲಮ್ಮಿನ್ಯಾಗ "ಪ್ರತಿ ವರ್ಷ ನೀರು ಬಂದ್ ಆದ ಮ್ಯಾಲ, ಬಿಡೋದಕ್ಕಿಂತ ಮೊದಲು" ಅಂತ ಬರೀರಿ. ಬಿಸಿಲಿನ ನಂಬಿಕೆನೂ ಹಾಕ್ರಿ, ಮೇ ತಿಂಗಳು ರಾಯಚೂರಾಗ 40 ಡಿಗ್ರಿ ದಾಟತೈತಿ, ಬಿಸಿಲಿಗೆ ನಿಂತ ಕಬ್ಬಿಣದ ಪ್ಯಾನೆಲ್ ಒಳಗ ಅದಕ್ಕಿಂತ ಜಾಸ್ತಿ, ವೆಂಡರಿನ ಡೇಟಾಶೀಟ್ ಯಾವ ಊರಿನ ಹವಾ ನಂಬಿ ಬರದಿದ್ದು ಅಂತ ನೋಡ್ರಿ.

ಲಿಂಕಿಗೆ ಹೆಸರು ಕೊಡ್ರಿ

"ಸಂಬಂಧ ಐತಿ" ಅನ್ನೋ ಲಿಂಕ್ ಕೆಲಸಕ್ಕ ಬರಂಗಿಲ್ಲ. ಸಿಸ್‌ಎಂಎಲ್ ಅನ್ನೋ ಮಾಡೆಲಿಂಗ್ ಭಾಷೆದಾಗ, ಇದರ 1.0 ಆವೃತ್ತಿ 2007ರಾಗ ಬಂತು, ಎರಡನೇ ಪೀಳಿಗೆಗೆ 2025ರಾಗ ಒಪ್ಪಿಗೆ ಸಿಕ್ಕೈತಿ, ಅದರಾಗ ರಿಕ್ವೈರ್‌ಮೆಂಟ್ ಲಿಂಕಿಗೆ ಹೆಸರು ಅದಾವು: ಡಿರೈವ್ ಅಂದ್ರ ಇದರಿಂದ ಹುಟ್ಟಿದ್ದು, ಸ್ಯಾಟಿಸ್ಫೈ ಅಂದ್ರ ಈ ಸಾಮಾನು ಪೂರೈಸತೈತಿ, ವೆರಿಫೈ ಅಂದ್ರ ಈ ಟೆಸ್ಟ್ ಖಾತ್ರಿ ಮಾಡತೈತಿ, ರಿಫೈನ್ ಅಂದ್ರ ಇನ್ನಷ್ಟು ಬಿಡಿಸಿ ಹೇಳತೈತಿ. ಇವೇ ನಾಕು ತಗೋರಿ, ನಮ್ಮದು ಎರಡು ಸೇರಿಸ್ರಿ, "ಇದರ ಮ್ಯಾಲ ನಿಂತೈತಿ" ಅಂತ ನಂಬಿಕೆಗೆ, "ಇದರ ಜೋಡಿ ತಿಕ್ಕಾಟ" ಅಂತ ಎರಡು ರಿಕ್ವೈರ್‌ಮೆಂಟಿನ ನಡುವ.

ತಿಕ್ಕಾಟದ ಉದಾಹರಣೆ ಕೊಡ್ತೀನಿ. ಆರ್-014 ಸಂಪರ್ಕ ಕಡಿದ್ರ ಗೇಟ್ ಇದ್ದಲ್ಲೇ ನಿಲ್ಲಲಿ ಅಂತೈತಿ. ಆರ್-022 ಅಂತ ಇನ್ನೊಂದು, ಉಪಕಾಲುವೆ ನೀರು ಅಪಾಯದ ಮಟ್ಟ ದಾಟಿದ್ರ ಗೇಟ್ ಇಳಿಸಬೇಕು ಅಂತೈತಿ. ಮಳಿಗಾಲದ ರಾತ್ರಿ ಎರಡೂ ಒಮ್ಮೆಲೆ ಆದ್ರ? ವರ್ಡ್ ಫೈಲಿನ್ಯಾಗ ಒಂದು 31ನೇ ಪುಟ ಇನ್ನೊಂದು 88ನೇ ಪುಟ, ಯಾರ ಕಣ್ಣಿಗೂ ಬೀಳಂಗಿಲ್ಲ. ಮಾಡೆಲಿನ್ಯಾಗ ಗೇಟ್ ಮೋಟಾರಿಗೆ ಲಿಂಕ್ ಇರೋ ರಿಕ್ವೈರ್‌ಮೆಂಟ್ ಎಲ್ಲಾ ತೋರ್ಸು ಅಂದ್ರ ಎರಡೂ ಮ್ಯಾಲ ಕೆಳಗ ಬಂದು ಕುಂದ್ರತಾವು. ಆಗ ಒಂದು ನಿರ್ಧಾರದ ರೆಕಾರ್ಡ್ ಹುಟ್ಟತೈತಿ: ಒಡ್ಡು ಉಳಿಸೋದು ಮೊದಲು, ಆರ್-022 ಗೆಲ್ಲತೈತಿ, ಯಾರು ಒಪ್ಪಿದ್ರು, ಯಾವ ದಿನ. ಆರ್-014ರ ಮಾತನ್ನ ಆಮ್ಯಾಲ ತಿದ್ದಬೇಕು.

ಬದಲಾವಣೆ ಬಂದಾಗ

ಮಾಡೆಲ್ ಕಟ್ಟಿದ್ದಕ್ಕ ಬೆಲೆ ಗೊತ್ತಾಗೋದು ಇಲ್ಲೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 33 ಕ್ರಸ್ಟ್ ಗೇಟಿನ್ಯಾಗ 19ನೇದರ ಚೈನ್ ಕಡಿದು ಗೇಟ್ ಕೊಚ್ಚಿ ಹೋಗಿದ್ದು ನಾವೆಲ್ಲಾ ನೋಡಿದ್ದೇ, ಹರಿಯೋ ನೀರಿನ್ಯಾಗ ಸ್ಟಾಪ್‌ಲಾಗ್, ಅಂದ್ರ ತಾತ್ಕಾಲಿಕ ಅಡ್ಡಗೇಟ್ ಇಳಿಸಿದ್ರು. ಮುಂದಿನ ವರ್ಷ ಗೇಟಿನ ಭದ್ರತೆಗೆ ಅಂತ ಸಂಗ್ರಹ 80 ಟಿಎಂಸಿ ಆಸುಪಾಸಿಗೆ ನಿಲ್ಲಿಸಿದ್ರು, ಗೇಟ್ ಬದಲಿಸೋ ಕೆಲಸಕ್ಕ ಎರಡನೇ ಬೆಳೆಗೆ ನೀರಿಲ್ಲ ಅಂತಾಯ್ತು. ಒಂದು ಕೊಂಡಿ, ಅದರಿಂದ ಗೇಟು, ಅದರಿಂದ ಸಂಗ್ರಹದ ಮಿತಿ, ಅದರಿಂದ ಕಾಲುವೆ ನೀರಿನ ದಿನ, ಅದರಿಂದ ಸಿಂಧನೂರಿನ ಭತ್ತ. ಈ ಸರಪಳಿ ಖರೆ ಜಗತ್ತಿನ್ಯಾಗ ಇದ್ದೇ ಇರತೈತಿ, ನಮ್ಮ ಡೇಟಾದಾಗ ಐತೋ ಇಲ್ಲೋ ಅನ್ನೋದಷ್ಟ ಪ್ರಶ್ನೆ.

ನಮ್ಮ ಸಣ್ಣ ಗೇಟಿಗೂ ಹಂಗ ಮಾಡ್ರಿ. ಬದಲಾಗಿದ್ದು ಯಾವ ರೆಕಾರ್ಡ್ ಅಂತ ಹಿಡೀರಿ, ಅದರಿಂದ ಹೊರಡೋ ಲಿಂಕ್ ಹಿಡಿದು ಒಂದು ಹೆಜ್ಜಿ ಹೋಗ್ರಿ, ಸಿಕ್ಕ ರೆಕಾರ್ಡಿಗೆಲ್ಲಾ "ಅನುಮಾನ" ಅಂತ ಗುರುತು ಹಾಕ್ರಿ. ಅವುಗಳ ಜವಾಬ್ದಾರಿ ಇರೋರು ನೋಡಿ ಧಕ್ಕೆ ಇಲ್ಲ ಅಂದ್ರ ಗುರುತು ತಗೀತಾರ, ಧಕ್ಕೆ ಐತಿ ಅಂದ್ರ ಅಲ್ಲಿಂದ ಇನ್ನೊಂದು ಹೆಜ್ಜಿ. ಒಮ್ಮೆಲೆ ಎಲ್ಲಾ ಲಿಂಕ್ ಹಿಡಿದು ಓಡಿದ್ರ ಇಡೀ ಪ್ರಾಜೆಕ್ಟೇ ಅನುಮಾನದಾಗ ಬೀಳತೈತಿ, ಜನ ಗುರುತು ನೋಡೋದನ್ನೇ ಬಿಡ್ತಾರ. ಶುರು ಮಾಡೋದಕ್ಕಿಂತ ಮೊದಲು ಹಳೆ ಸ್ಥಿತಿನ ಬೇಸ್‌ಲೈನ್ ಅಂತ ಹೆಸರು, ತಾರೀಖು ಹಾಕಿ ಎತ್ತಿಡ್ರಿ, ಏನಿತ್ತು ಏನಾಯ್ತು ಅಂತ ಜೋಡಿ ಇಟ್ಟು ನೋಡಾಕ ಬೇಕು.

ಟೂಲ್ ಯಾವುದು

ಮುನ್ನೂರು ನಾಕ್ನೂರು ರೆಕಾರ್ಡ್ ತನಕ ಸ್ಪ್ರೆಡ್‌ಶೀಟ್ ನಡೀತೈತಿ, ಒಂದು ತರಕ್ಕ ಒಂದು ಶೀಟ್, ಲಿಂಕಿಗೇ ಬ್ಯಾರೆ ಒಂದು ಶೀಟ್, ಅದರಾಗ ಮೂರೇ ಕಾಲಮ್: ಎಲ್ಲಿಂದ, ಯಾವ ಸಂಬಂಧ, ಎಲ್ಲಿಗೆ. ಲಿಂಕನ್ನ ರಿಕ್ವೈರ್‌ಮೆಂಟ್ ಶೀಟಿನ ಒಂದು ಖಾನೆದಾಗ ಕಾಮಾ ಹಾಕಿ ತುಂಬಬ್ಯಾಡ್ರಿ, ಹುಡುಕಾಕ ಬರಂಗಿಲ್ಲ. ಅದಕ್ಕಿಂತ ಜಾಸ್ತಿ ಆದ್ರ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್ ತಗೋರಿ. ಪುಕ್ಕಟೆ ಸಿಗೋವು ಡೋರ್‌ಸ್ಟಾಪ್, ಸ್ಟ್ರಿಕ್ಟ್‌ಡಾಕ್ ಅದಾವು, ಎರಡೂ ರಿಕ್ವೈರ್‌ಮೆಂಟನ್ನ ಟೆಕ್ಸ್ಟ್ ಫೈಲಿನ್ಯಾಗ ಇಡತಾವು, ಗಿಟ್‌ನ್ಯಾಗ ಹಾಕಿದ್ರ ಯಾರು ಯಾವಾಗ ಏನ್ ತಿದ್ದಿದ್ರು ಅನ್ನೋದು ಉಳಿತೈತಿ. ಸಿಸ್ಟಮ್ ಚಿತ್ರಾನೂ ಬೇಕಂದ್ರ ಥೇಲ್ಸ್ ಕಂಪನಿಯಿಂದ ಬಂದ ಕ್ಯಾಪೆಲ್ಲಾ ಐತಿ, ಅದೂ ಓಪನ್ ಸೋರ್ಸ್. ದೊಡ್ಡ ಕಂಪನಿದಾಗ ಐಬಿಎಂ ಡೋರ್ಸ್ ನೋಡ್ತೀರಿ. ಒಂದು ಟೂಲಿಂದ ಇನ್ನೊಂದಕ್ಕ ಸಾಗಿಸಾಕ ರೆಕ್‌ಐಎಫ್ ಅನ್ನೋ ಫಾರ್ಮ್ಯಾಟ್ ಐತಿ, ಜರ್ಮನಿಯ ಕಾರ್ ಕಂಪನಿಗಳ ಕೆಲಸದಿಂದ ಹುಟ್ಟಿ 2011ರಾಗ ಸ್ಟ್ಯಾಂಡರ್ಡ್ ಆಗಿದ್ದು.

ಕೆಲಸ ವೆಂಡರಿಗೆ ಕೊಡೋರಿದ್ರ ಟೆಂಡರಿನ್ಯಾಗನ ಒಂದು ಕಲಮು ಬರೀರಿ: ಹ್ಯಾಂಡೋವರ್ ದಿನ ಪಿಡಿಎಫ್ ಒಂದೇ ಸಾಲದು, ರಿಕ್ವೈರ್‌ಮೆಂಟ್, ಲಿಂಕ್, ಟೆಸ್ಟ್ ಫಲಿತಾಂಶ ಎಲ್ಲಾ ರೆಕ್‌ಐಎಫ್ ಅಥವಾ ಸಿಎಸ್‌ವಿ ಫೈಲಿನ್ಯಾಗ ಕೊಡಬೇಕು, ಐಡಿಗಳು ನಾವು ಕೊಟ್ಟವೇ ಇರಬೇಕು. ಫೈಲ್ ಬಂದ ದಿನ ಬಿಲ್ ಪಾಸ್ ಮಾಡೋದಕ್ಕಿಂತ ಮೊದಲು ಎರಡು ಪ್ರಶ್ನೆ ಓಡಸ್ರಿ, ಟೆಸ್ಟ್ ಇಲ್ದ ರಿಕ್ವೈರ್‌ಮೆಂಟ್ ಎಷ್ಟು, ರಿಕ್ವೈರ್‌ಮೆಂಟ್ ಇಲ್ದ ಟೆಸ್ಟ್ ಎಷ್ಟು. ಎರಡೂ ಪಟ್ಟಿ ಖಾಲಿ ಬರೋ ತನಕ ಸಹಿ ಹಾಕಬ್ಯಾಡ್ರಿ.